ಓದುಗರ ಪ್ರಶ್ನೆಗೆ ಉತ್ತರ: ಕಯಾಕ್ ಕಲಿಯುವವರು ಮೊದಲು ಮಗುಚುವುದನ್ನು ಕಲಿಯಬೇಕು

ಪ್ರಶ್ನೆ: ನಾನು ಮೂಲತಃ ಶಿವಮೊಗ್ಗದವನು. ಐದು ವರ್ಷಗಳಿಂದ ನ್ಯೂಜಿಲೆಂಡ್‌ನ ಕ್ರೈಸ್ಟ್‌ಚರ್ಚ್‌ನಲ್ಲಿ ಉದ್ಯೋಗದಲ್ಲಿದ್ದೇನೆ. ವಯಸ್ಸು 38. ಮೂರು ಮ್ಯಾರಥಾನ್ ಓಡಿದ್ದೇನೆ, ವಾರಕ್ಕೆ 100 ಕಿ.ಮೀ.ನಷ್ಟು ಸೈಕಲ್ ತುಳಿಯುತ್ತೇನೆ. ಬರುವ ಫೆಬ್ರವರಿಯ ಕೋಸ್ಟ್ ಟು ಕೋಸ್ಟ್ ಸ್ಪರ್ಧೆಯಲ್ಲಿ, ಎರಡು ದಿನಗಳ ವಿಭಾಗದಲ್ಲಿ ಭಾಗವಹಿಸಬೇಕೆಂಬ ಆಸೆ ಬಲವಾಗಿದೆ. ಆದರೆ ಅದರಲ್ಲಿ ವೈಮಕರಿರಿ ನದಿಯ ಮೇಲೆ 70 ಕಿ.ಮೀ. ಕಯಾಕ್ ನಡೆಸಬೇಕು. ನಾನು ಇಂದಿನವರೆಗೆ ಕಯಾಕಿನಲ್ಲಿ ಕುಳಿತವನೇ ಅಲ್ಲ. ಈಜುಕೊಳದಲ್ಲಿ ಈಜಬಲ್ಲೆ, ಹರಿಯುವ ನೀರೆಂದರೆ ಭಯ. ಬಾಲ್ಯದಲ್ಲಿ ತುಂಗೆಯ ಮಡುವೊಂದರಲ್ಲಿ ಮುಳುಗುವುದರಲ್ಲಿದ್ದೆ. ಈಗ ಹತ್ತು ತಿಂಗಳ ಸಮಯವಿದೆ. ಎಲ್ಲಿಂದ ಆರಂಭಿಸಲಿ? ಯಾವ ಕಯಾಕ್ ಕೊಳ್ಳಲಿ? ಹತ್ತು ತಿಂಗಳು ಸಾಕಾಗುತ್ತದೆಯೇ?

ಉತ್ತರ: ಹತ್ತು ತಿಂಗಳು ಸಾಕು. ಆದರೆ ಓಟಗಾರರು ಸಾಮಾನ್ಯವಾಗಿ ಮಾಡುವಂತೆ ಮೊದಲ ವಾರದಿಂದಲೇ ದೂರವನ್ನೂ ವೇಗವನ್ನೂ ಲೆಕ್ಕ ಹಾಕಲು ಕುಳಿತರೆ ಸಾಲದು. ನಾನೂ ಓಟದಿಂದಲೇ ಈ ಸ್ಪರ್ಧೆಗೆ ಬಂದವನು, ನಿಮ್ಮದೇ ನಗರದಲ್ಲಿ ಕೆಲವು ವರ್ಷ ಇದ್ದವನು. ಅಲ್ಲಿ ನಾನು ಎಡವಿದ ಜಾಗಗಳಲ್ಲಿ ನೀವು ಎಡವಬಾರದೆಂಬ ಕಾಳಜಿಯಿಂದ ತುಸು ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ಇತರ ಓದುಗರಿಗಾಗಿ ಸ್ಪರ್ಧೆಯ ಪರಿಚಯವನ್ನು ಎರಡು ಮಾತಿನಲ್ಲಿ ಹೇಳಬೇಕು. ನ್ಯೂಜಿಲೆಂಡ್‌ನ ದಕ್ಷಿಣ ದ್ವೀಪವನ್ನು ಪಶ್ಚಿಮದ ಕುಮಾರಾ ಕಡಲತೀರದಿಂದ ಪೂರ್ವದ ಕ್ರೈಸ್ಟ್‌ಚರ್ಚ್‌ವರೆಗೆ, ನಡುವಿನ ಸದರ್ನ್ ಆಲ್ಪ್ಸ್ ಪರ್ವತಸಾಲನ್ನು ದಾಟಿ, ಸ್ವಂತ ದೇಹಬಲದಿಂದಲೇ ಕ್ರಮಿಸುವ ಈ 243 ಕಿ.ಮೀ. ಸ್ಪರ್ಧೆಯನ್ನು ರಾಬಿನ್ ಜಡ್ಕಿನ್ಸ್ ಎಂಬವರು 1983ರಲ್ಲಿ ಆರಂಭಿಸಿದರು. ಮೊದಲ ದಿನ 2.2 ಕಿ.ಮೀ. ಓಟ, 55 ಕಿ.ಮೀ. ಸೈಕಲ್ ಮತ್ತು ಗೋಟ್ ಪಾಸ್ ಕಣಿವೆಮಾರ್ಗದ ಮೂಲಕ ಸುಮಾರು 30 ಕಿ.ಮೀ. ಬೆಟ್ಟದ ಓಟ, ಎರಡನೇ ದಿನ 15 ಕಿ.ಮೀ. ಸೈಕಲ್, 70 ಕಿ.ಮೀ. ಕಯಾಕ್, ಕೊನೆಗೆ ಮತ್ತೆ 70 ಕಿ.ಮೀ. ಸೈಕಲ್. ಇಷ್ಟನ್ನೂ ಒಂದೇ ದಿನದಲ್ಲಿ ಮುಗಿಸುವವರಿಗಾಗಿ ಬೇರೆ ವಿಭಾಗವಿದೆ. ಕಯಾಕ್ ನಡೆಸುವ ಪ್ರತಿಯೊಬ್ಬರೂ ಎರಡನೇ ದರ್ಜೆಯ ಹರಿಯುವ ನೀರನ್ನು ನಿಭಾಯಿಸಬಲ್ಲರೆಂಬ ಪ್ರಮಾಣಪತ್ರವನ್ನು ಮೊದಲೇ ಪಡೆದಿರಬೇಕು. ನದಿಗಳ ಕಾಠಿಣ್ಯವನ್ನು ಒಂದರಿಂದ ಆರರವರೆಗಿನ ದರ್ಜೆಗಳಲ್ಲಿ ಅಳೆಯುತ್ತಾರೆ. ಎರಡನೆಯದೆಂದರೆ ಅಲೆಗಳಿವೆ, ಬಂಡೆಗಳಿವೆ, ಆದರೆ ಕಣ್ಣಿಟ್ಟು ನೋಡಿದರೆ ದಾರಿ ಕಾಣುತ್ತದೆ ಎಂದರ್ಥ.

ಈಗ ನಿಮ್ಮ ಭಯದ ಮಾತು. ಅದನ್ನು ಮುಚ್ಚಿಡದೆ ಬರೆದದ್ದು ಒಳ್ಳೆಯದಾಯಿತು, ಏಕೆಂದರೆ ಕಲಿಕೆ ಆರಂಭವಾಗಬೇಕಾದದ್ದು ಅಲ್ಲಿಂದಲೇ. ಕಯಾಕಿನಲ್ಲಿ ಕುಳಿತವನ ಸೊಂಟದ ಸುತ್ತ ಸ್ಪ್ರೇ ಡೆಕ್ ಎಂಬ ರಬ್ಬರಿನಂಥ ಹೊದಿಕೆಯಿರುತ್ತದೆ. ನೀರು ಒಳಗೆ ನುಗ್ಗದಂತೆ ಅದರ ಅಂಚನ್ನು ಕೂರುವ ಜಾಗದ ತುಟಿಗೆ ಬಿಗಿಯಾಗಿ ಸಿಕ್ಕಿಸುತ್ತಾರೆ. ದೋಣಿ ಮಗುಚಿದರೆ ಈ ಹೊದಿಕೆಯೊಳಗೆ ಸಿಕ್ಕಿಕೊಂಡು ಬಿಡುತ್ತೇನೆಂಬುದೇ ಬಹುತೇಕ ಎಲ್ಲ ಹೊಸಬರ ಗುಪ್ತ ಭಯ. ಅದನ್ನು ಮಾತಿನಿಂದ ಹೋಗಲಾಡಿಸಲು ಯಾರಿಂದಲೂ ಆಗುವುದಿಲ್ಲ, ಮಗುಚಿಯೇ ಹೋಗಲಾಡಿಸಬೇಕು. ನನ್ನ ತರಬೇತುದಾರರು ಮೊದಲ ದಿನ ನನ್ನನ್ನು ಬಿಸಿನೀರಿನ ಈಜುಕೊಳಕ್ಕೆ ಕರೆದೊಯ್ದು, ಕಯಾಕಿನಲ್ಲಿ ಕೂರಿಸಿ, ಎದೆಮಟ್ಟದ ನೀರಿನಲ್ಲಿ ಪಕ್ಕದಲ್ಲೇ ನಿಂತು, ಒಂದು ನಿಯಮ ಹೇಳಿದರು: ತಲೆಕೆಳಗಾದ ಮೇಲೆ ಕೂಡಲೇ ಹೊರಬರಬಾರದು, ಮೊದಲು ಎರಡೂ ಕೈಗಳನ್ನು ನೀರಿನಿಂದ ಮೇಲೆತ್ತಿ ದೋಣಿಯ ತಳವನ್ನು ಮೂರು ಬಾರಿ ತಟ್ಟಬೇಕು, ಆಮೇಲೆ ಮೈಯನ್ನು ಮುಂದಕ್ಕೆ ಬಾಗಿಸಿ, ಹೊದಿಕೆಯ ಮುಂಭಾಗದ ಕುಣಿಕೆಯನ್ನು ಮುಂದಕ್ಕೆಳೆದು ಬಿಡಿಸಿ, ಅಂಗೈಗಳನ್ನು ಸೊಂಟದ ಪಕ್ಕ ಊರಿ, ಪ್ಯಾಂಟು ಕಳಚಿದಂತೆ ದೋಣಿಯನ್ನು ಕಾಲಿನಿಂದ ಕಳಚಬೇಕು. ಮೊದಲ ಸಲ ಒಂದೇ ಏಟು ತಟ್ಟಿ ಕುಣಿಕೆಗೆ ಕೈಹಾಕಿದೆ. ಮೂಗಿನ ತುಂಬ ನೀರು. ಐದನೇ ಸಲದ ಹೊತ್ತಿಗೆ ಮೂರೂ ಏಟುಗಳ ಸದ್ದು ನೀರಿನೊಳಗಿಂದ ನನಗೇ ಸ್ಪಷ್ಟವಾಗಿ ಕೇಳಿಸಿತು. ಆ ಮೂರು ಏಟುಗಳಿಗೆ ಹಿಡಿಯುವುದು ಎರಡು ಸೆಕೆಂಡು ಮಾತ್ರ, ಆದರೆ ನೀರಿನ ಕೆಳಗೆ ನನಗೆ ಎರಡು ಸೆಕೆಂಡಿನ ಬಿಡುವು ಇದೆಯೆಂದು ದೇಹಕ್ಕೆ ಒಮ್ಮೆ ಮನವರಿಕೆಯಾದರೆ ಆಮೇಲಿನ ಕಲಿಕೆಯೆಲ್ಲ ಬೇರೆಯೇ ಆಗುತ್ತದೆ. ಕನಿಷ್ಠ ಇಪ್ಪತ್ತು ಬಾರಿಯಾದರೂ ಇದನ್ನು ಮಾಡಿ. ಕಣ್ಣು ಮುಚ್ಚಿ ಮಾಡಿ, ಕೈಗವಸು ಹಾಕಿಕೊಂಡು ಮಾಡಿ, ಚಳಿಗೆ ಬೆರಳು ಮರಗಟ್ಟಿದಾಗಲೂ ಒಮ್ಮೆ ಮಾಡಿ. ಪ್ರತಿ ಬಾರಿ ನೀರಿಗಿಳಿಯುವ ಮೊದಲು ಆ ಕುಣಿಕೆ ಹೊದಿಕೆಯ ಹೊರಗಿದೆಯೇ ಎಂದು ಮುಟ್ಟಿ ನೋಡುವುದು ಅಭ್ಯಾಸವಾಗಬೇಕು, ಏಕೆಂದರೆ ಅವಸರದಲ್ಲಿ ಅದು ಒಳಗೇ ಮಡಚಿಕೊಂಡು ಉಳಿದುಬಿಡಬಹುದು.

ಎರಡನೆಯದು ದೋಣಿಯ ಆಯ್ಕೆ. ಹೊಸಬರು ಅತ್ಯಂತ ದುಬಾರಿಯಾದ ತಪ್ಪನ್ನು ಮಾಡುವುದು ಇಲ್ಲಿ, ನಾನು ಮಾಡಿದ ತಪ್ಪೂ ಇದೇ. ಇಂಥ ಹಲವು ಕ್ರೀಡೆಗಳ ಸ್ಪರ್ಧೆಗೆಂದೇ ಮಾಡಿದ ಮಲ್ಟಿಸ್ಪೋರ್ಟ್ ಕಯಾಕ್‌ಗಳು ಉದ್ದವಾದಷ್ಟೂ ಸಪೂರವಾದಷ್ಟೂ ವೇಗವಾಗಿ ಸಾಗುತ್ತವೆ, ಸಪೂರವಾದಷ್ಟೂ ಹೊಯ್ದಾಡುತ್ತವೆ. ಅನುಭವಿಗಳು 6 ಮೀಟರಿಗೂ ಉದ್ದವಾದ, 45 ಸೆಂ.ಮೀ. ಆಸುಪಾಸಿನ ಅಗಲದ ದೋಣಿಗಳಲ್ಲಿ ಕೂರುವುದನ್ನು ಕಂಡು, ಹೇಗೂ ಮುಂದೆ ಬೇಕಾಗುತ್ತದಲ್ಲ ಎಂದುಕೊಂಡು, ಅಂಥದ್ದೇ ಒಂದನ್ನು ಬಳಸಿದವರಿಂದ ಕೊಂಡುಕೊಂಡೆ. ಎರಡು ತಿಂಗಳ ಕಾಲ ಆ ದೋಣಿಯಲ್ಲಿ ನಾನು ಹುಟ್ಟು ಹಾಕಿದ್ದಕ್ಕಿಂತ ಬೀಳದಂತೆ ನೋಡಿಕೊಂಡದ್ದೇ ಹೆಚ್ಚು. ಬೀಳುವ ಆತಂಕದಲ್ಲಿರುವವನು ಸೊಂಟವನ್ನು ಕಲ್ಲಿನಂತೆ ಬಿಗಿಹಿಡಿಯುತ್ತಾನೆ. ಸೊಂಟ ಬಿಗಿಯಾದರೆ ದೋಣಿಯ ಪ್ರತಿಯೊಂದು ಅಲುಗಾಟವೂ ತಲೆಯವರೆಗೆ ಏರುತ್ತದೆ, ತಲೆ ವಾಲಿದ ಕಡೆಗೆ ದೋಣಿ ಮಗುಚುತ್ತದೆ. ಕೊನೆಗೆ ಅದನ್ನು ನಷ್ಟಕ್ಕೆ ಮಾರಿ, ಗಿಡ್ಡನೆಯ, ಅಗಲವಾದ ದೋಣಿಯನ್ನು ತಂದ ಮೇಲೆ ಮೂರೇ ವಾರಗಳಲ್ಲಿ ಹಿಂದಿನ ಎರಡು ತಿಂಗಳಿಗಿಂತ ಹೆಚ್ಚು ಕಲಿತೆ.

ಆದ್ದರಿಂದ ಮೊದಲ ಮೂರು ತಿಂಗಳು ಏನನ್ನೂ ಕೊಳ್ಳಬೇಡಿ. ತರಬೇತಿ ಕೇಂದ್ರಗಳ ದೋಣಿಗಳನ್ನು ಬಾಡಿಗೆಗೆ ಪಡೆಯಿರಿ, ಸಾಧ್ಯವಾದಷ್ಟು ಬಗೆಯವುಗಳಲ್ಲಿ ಕುಳಿತು ನೋಡಿ. ಕೊಳ್ಳುವ ಮುನ್ನ ನಿಂತ ನೀರಿನಲ್ಲಿ ಹೀಗೆ ಪರೀಕ್ಷಿಸಿ: ಪ್ಯಾಡಲನ್ನು, ಅಂದರೆ ಹುಟ್ಟನ್ನು, ದೋಣಿಯ ಮೇಲೆ ಅಡ್ಡಲಾಗಿಟ್ಟು, ಎರಡೂ ಕೈಗಳನ್ನು ಮೇಲಕ್ಕೆತ್ತಿ, ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿ ಹಿಂದೆ ನೋಡಿ, ಒಂದು ಬಾಳೆಹಣ್ಣು ಸುಲಿದು ತಿನ್ನಿ. ಹಣ್ಣು ತಿನ್ನುವಾಗ ಮನಸ್ಸೆಲ್ಲ ಸೊಂಟದ ಮೇಲೆಯೇ ಇದ್ದರೆ ಆ ದೋಣಿ ಈ ವರ್ಷ ನಿಮ್ಮದಲ್ಲ. ಸುಮಾರು 5 ರಿಂದ ಐದೂವರೆ ಮೀಟರ್ ಉದ್ದದ, 50 ಸೆಂ.ಮೀ.ಗಿಂತ ಅಗಲವಾದ, ಕಾಲಿನಿಂದ ಒತ್ತುವ ಚುಕ್ಕಾಣಿಯುಳ್ಳ ದೋಣಿ ನಿಮ್ಮಂಥವರಿಗೆ ತಕ್ಕದ್ದು. ವೇಗದ ದೋಣಿಯಿಂದ 70 ಕಿ.ಮೀ.ಯಲ್ಲಿ ನೀವು ಉಳಿಸಿಕೊಳ್ಳುವ ನಿಮಿಷಗಳನ್ನೆಲ್ಲ ಒಂದೆರಡು ಬಾರಿ ಮಗುಚಿ, ದಡ ಸೇರಿ, ನೀರು ಖಾಲಿ ಮಾಡಿ, ನಡುಗುತ್ತ ಮತ್ತೆ ಹತ್ತುವುದರಲ್ಲಿ ಕಳೆದುಕೊಳ್ಳುತ್ತೀರಿ. ಇನ್ನೊಂದು ಮುಖ್ಯ ಸಂಗತಿ: ದೋಣಿಯ ಹಿಂದೆ ಮುಂದೆ ಗಾಳಿಚೀಲಗಳನ್ನು ತುರುಕಿಡಲೇಬೇಕು. ಇಲ್ಲದಿದ್ದರೆ ಮಗುಚಿದ ದೋಣಿ ನೂರಾರು ಲೀಟರ್ ನೀರು ತುಂಬಿಕೊಂಡು, ನೀವು ಎಳೆಯಲಾರದಷ್ಟು ಭಾರವಾಗುತ್ತದೆ.

ಈಗಿನಿಂದ ಮೂರು ತಿಂಗಳು, ಅಂದರೆ ಅಲ್ಲಿನ ಚಳಿಗಾಲದ ನಡುಭಾಗದವರೆಗೆ, ನಿಂತ ನೀರಿನಲ್ಲೇ ಇರಿ. ನಿಮ್ಮ ನಗರದ ಆವನ್ ನದಿಯ ಕೆರ್ಸ್ ರೀಚ್ ಎಂಬ ಭಾಗದಲ್ಲಿ ನೀರು ಕೆರೆಯಷ್ಟೇ ಶಾಂತವಾಗಿರುತ್ತದೆ. ಗಾಳಿಯಿಲ್ಲದ ಬೆಳಿಗ್ಗೆ ಲಿಟಲ್ಟನ್ ಬಂದರಿನ ಒಳಭಾಗವೂ ಆಗುತ್ತದೆ. ಓಟಗಾರರೂ ಸೈಕಲ್ ತುಳಿಯುವವರೂ ಹುಟ್ಟನ್ನು ತೋಳಿನಿಂದ ಎಳೆಯುತ್ತಾರೆ. ಅರ್ಧ ಗಂಟೆಯಲ್ಲಿ ಮುಂಗೈ ಉರಿಯತೊಡಗುತ್ತದೆ, ಎರಡು ತಿಂಗಳಲ್ಲಿ ಮಣಿಕಟ್ಟಿನ ಸ್ನಾಯುರಜ್ಜು ಊದಿಕೊಳ್ಳುತ್ತದೆ. ಸರಿಯಾದ ಕ್ರಮದಲ್ಲಿ ಎಳೆಯುವುದು ಮುಂಡ, ತೋಳು ಬರೀ ಕೊಂಡಿ. ಬಲಗಡೆ ಹುಟ್ಟು ಹಾಕುವಾಗ ಬಲ ಭುಜ ಮುಂದೆ ಬರುವಂತೆ ಮೈ ತಿರುಗಿಸಿ, ಪಾದದ ಬಳಿ ಅಲಗನ್ನು ಪೂರ್ತಿ ಮುಳುಗಿಸಿ, ಬಲಗಾಲನ್ನು ಒತ್ತುತ್ತ ಮೈಯನ್ನು ಬಿಚ್ಚಿ, ಅಲಗು ಸೊಂಟದ ಬಳಿ ಬರುತ್ತಲೇ ನೀರಿನಿಂದ ಎತ್ತಿಬಿಡಬೇಕು. ಬೆರಳುಗಳು ಸಡಿಲವಾಗಿರಲಿ, ಮೇಲಿನ ಕೈಯ ಬೆರಳುಗಳನ್ನು ಪ್ರತಿ ಹುಟ್ಟಿಗೂ ಬಿಚ್ಚಿ ಮುಚ್ಚುವ ಅಭ್ಯಾಸ ಮಾಡಿ. ನಿಮ್ಮ ತೊಡೆಯ ಹಿಂಭಾಗದ ಸ್ನಾಯುಗಳು ಓಟದಿಂದ ಬಿಗಿದಿರುತ್ತವೆ. ಅವು ಸಡಿಲವಾಗದೆ ಬೆನ್ನು ನೆಟ್ಟಗೆ ಕೂರದು, ಬೆನ್ನು ಬಾಗಿದರೆ ಮೈ ತಿರುಗದು. ಪ್ರತಿ ರಾತ್ರಿ ಹತ್ತು ನಿಮಿಷ ಕಾಲು ಚಾಚಿ ಕುಳಿತು ಮುಂದಕ್ಕೆ ಬಾಗುವ ಪಶ್ಚಿಮೋತ್ತಾನಾಸನಕ್ಕಿಂತ ಒಳ್ಳೆಯ ಕಯಾಕ್ ವ್ಯಾಯಾಮವನ್ನು ನಾನು ಕಂಡಿಲ್ಲ.

ಹರಿಯುವ ನೀರಿಗೆ ಇಳಿಯುವುದು ಆಮೇಲೆ, ಅದೂ ಅರ್ಹ ತರಬೇತುದಾರರ ಜೊತೆಗೆ ಮಾತ್ರ. ಎರಡು ದಿನಗಳ ಆರಂಭಿಕ ಶಿಬಿರ, ಕೆಲವು ವಾರಗಳ ಅಭ್ಯಾಸ, ಮತ್ತೆರಡು ದಿನಗಳ ಮುಂದಿನ ಶಿಬಿರ, ಆಮೇಲೆ ಪ್ರಮಾಣಪತ್ರದ ಪರೀಕ್ಷೆ ಎಂಬ ಕ್ರಮ ಸರಿಯಾದದ್ದು. ಕ್ರೈಸ್ಟ್‌ಚರ್ಚ್‌ನ ಉತ್ತರಕ್ಕಿರುವ ಹುರುನುಯಿ ನದಿಯಲ್ಲೂ ವೈಮಕರಿರಿಯ ಕೆಳಭಾಗದಲ್ಲೂ ಇಂಥ ತರಬೇತಿ ನಡೆಯುತ್ತದೆ. ಅಲ್ಲಿ ನಿಮಗೆ ಕಲಿಸುವ ಪಾಠಗಳಲ್ಲಿ ಒಂದನ್ನು ಮಾತ್ರ ಇಲ್ಲಿ ವಿವರಿಸುತ್ತೇನೆ, ಏಕೆಂದರೆ ಹೊಸಬರು ಮಗುಚುವುದು ಹೆಚ್ಚಾಗಿ ಈ ಒಂದು ಗೆರೆಯ ಮೇಲೆಯೇ.

ಹೊಳೆಯ ನಡುವೆ ಬಂಡೆಯೊಂದಿದ್ದರೆ ಅದರ ಮರೆಯಲ್ಲಿ ನೀರು ನಿಂತಂತೆ ಇರುತ್ತದೆ, ಕೆಲವೊಮ್ಮೆ ಹಿಮ್ಮುಖವಾಗಿಯೇ ಹರಿಯುತ್ತದೆ. ಇದನ್ನು ಎಡ್ಡಿ ಎನ್ನುತ್ತಾರೆ. ದಣಿದಾಗ ನಿಲ್ಲುವುದಕ್ಕೂ ಮುಂದಿನ ದಾರಿ ನೋಡುವುದಕ್ಕೂ ಅದೇ ತಂಗುದಾಣ. ಆದರೆ ಸೆಳವಿಗೂ ಎಡ್ಡಿಗೂ ನಡುವೆ ಸ್ಪಷ್ಟವಾದ ಗೆರೆಯೊಂದಿದೆ. ದೋಣಿಯ ಮೂತಿ ಆ ಗೆರೆಯನ್ನು ದಾಟಿದ ಗಳಿಗೆಯಲ್ಲಿ ಮುಂಭಾಗವನ್ನು ಒಂದು ನೀರು ಒಂದು ಕಡೆಗೂ ಹಿಂಭಾಗವನ್ನು ಇನ್ನೊಂದು ನೀರು ಇನ್ನೊಂದು ಕಡೆಗೂ ಎಳೆಯುತ್ತವೆ, ದೋಣಿ ಗರಕ್ಕನೆ ತಿರುಗುತ್ತದೆ. ಸೈಕಲ್ ಸವಾರ ತಿರುವಿನಲ್ಲಿ ಒಳಮಗ್ಗುಲಿಗೆ ವಾಲುವಂತೆಯೇ ಆಗ ದೋಣಿಯನ್ನು ತಿರುವಿನ ಒಳಮಗ್ಗುಲಿಗೆ ವಾಲಿಸಬೇಕು. ಎಡ್ಡಿಯಿಂದ ಸೆಳವಿಗೆ ಹೊರಡುವಾಗ ಹೊಳೆ ಹರಿಯುವ ದಿಕ್ಕಿಗೆ, ಸೆಳವಿನಿಂದ ಎಡ್ಡಿಗೆ ಬರುವಾಗ ಹೊಳೆ ಬರುವ ದಿಕ್ಕಿಗೆ ವಾಲಿಕೆ. ಭಯವಾದಾಗ ಮೈ ಸಹಜವಾಗಿ ಇದರ ತದ್ವಿರುದ್ಧ ಮಗ್ಗುಲಿಗೆ ವಾಲುತ್ತದೆ. ಏರಿಬರುವ ನೀರು ದೋಣಿಯ ಅಂಚನ್ನು ಹಿಡಿದು ಕೆಳಕ್ಕೆಳೆಯುತ್ತದೆ. ಬಂಡೆಗೆ ಅಡ್ಡಲಾಗಿ ಬಡಿದಾಗಲೂ ಇದೇ ಮಾತು: ಬಂಡೆಯಿಂದ ದೂರ ಸರಿಯಬಾರದು, ಅದನ್ನು ತಬ್ಬಿಕೊಳ್ಳುವಂತೆ ಅದರ ಕಡೆಗೇ ವಾಲಬೇಕು. ಮೈಯ ಸಹಜ ಪ್ರವೃತ್ತಿಗೆ ವಿರುದ್ಧವಾದ ಈ ಒಂದು ಚಲನೆಯನ್ನು ನೂರಾರು ಬಾರಿ ಮಾಡಿ ಅಭ್ಯಾಸ ಮಾಡಿಕೊಳ್ಳುವುದಕ್ಕೇ ಹತ್ತು ತಿಂಗಳು ಬೇಕಾಗಿರುವುದು.

ನೀರನ್ನು ಓದುವುದು ಇನ್ನೊಂದು ವಿದ್ಯೆ. ವೈಮಕರಿರಿ ಮಲೆನಾಡಿನ ಹೊಳೆಯಂತೆ ಒಂದೇ ಪಾತ್ರದಲ್ಲಿ ಹರಿಯುವುದಿಲ್ಲ. ಜಲ್ಲಿಕಲ್ಲಿನ ವಿಶಾಲ ಬಯಲಿನಲ್ಲಿ ಜಡೆಯ ಎಳೆಗಳಂತೆ ಹತ್ತಾರು ಕವಲುಗಳಾಗಿ ಬಿಚ್ಚಿಕೊಂಡು ಮತ್ತೆ ಕೂಡುತ್ತದೆ. ತಪ್ಪು ಕವಲನ್ನು ಹಿಡಿದರೆ ಮೊಣಕಾಲುದ್ದದ ನೀರಿನಲ್ಲಿ ದೋಣಿಯನ್ನು ಎಳೆದುಕೊಂಡು ನಡೆಯಬೇಕಾಗುತ್ತದೆ. ಹೆಚ್ಚು ನೀರು ಹೋಗುವ ಕವಲೇ ಸಾಮಾನ್ಯವಾಗಿ ಸರಿಯಾದ ದಾರಿ. ನಡುವಿನ ಕಮರಿಯಲ್ಲಿ ಎಳೆಗಳೆಲ್ಲ ಒಂದಾಗಿ, ತಿರುವುಗಳಲ್ಲಿ ನೀರು ನೇರವಾಗಿ ಬಂಡೆಗೋಡೆಗೆ ಹೋಗಿ ಅಪ್ಪಳಿಸುತ್ತದೆ. ಅಲ್ಲಿ ತಿರುವಿನ ಒಳಮಗ್ಗುಲಿಗೆ ಅಂಟಿಕೊಂಡೇ ಸಾಗಬೇಕು, ಅದಕ್ಕಾಗಿ ತಿರುವು ಬರುವ ಮೊದಲೇ ಹುಟ್ಟು ಬಿರುಸಾಗಬೇಕು. ನೀರಿನ ಮೇಲೆ ನಯವಾದ ನಾಲಗೆಯೊಂದು ಕೆಳದಿಕ್ಕಿಗೆ ಚೂಪಾಗುತ್ತ ಹೋದರೆ ಅದು ದಾರಿ. ಚೂಪುತುದಿ ನಿಮ್ಮ ಕಡೆಗಿದ್ದರೆ ಅಲ್ಲೊಂದು ಬಂಡೆ ಅಡಗಿದೆ. ದಡದ ವಿಲ್ಲೋ ಮರಗಳು ನೀರಿಗೆ ಬಾಗಿರುವ ಕಡೆ ಎಷ್ಟು ಸಾಧ್ಯವೋ ಅಷ್ಟು ದೂರವಿರಿ. ಕೊಂಬೆಗಳ ನಡುವೆ ನೀರು ಸೋಸಿ ಹೋಗುತ್ತದೆ, ಮನುಷ್ಯ ಹೋಗಲಾರ. ಎರಡನೇ ದರ್ಜೆಯ ನದಿಯಲ್ಲೂ ಪ್ರಾಣಾಪಾಯ ತರುವುದು ಅಲೆಗಳಿಗಿಂತ ಹೆಚ್ಚಾಗಿ ಈ ಮರಗಳೇ.

ಮಗುಚಿ ನೀರಿಗೆ ಬಿದ್ದರೆ ದೋಣಿಯನ್ನೂ ಪ್ಯಾಡಲನ್ನೂ ಬಿಡದೆ, ದೋಣಿ ಹರಿವಿನಲ್ಲಿ ನಿಮಗಿಂತ ಮುಂದೆ ಇರುವಂತೆ ನೋಡಿಕೊಂಡು, ಅಂಗಾತ ತೇಲುತ್ತ ಪಾದಗಳನ್ನು ಹರಿವಿನ ದಿಕ್ಕಿಗೆ ಚಾಚಿ ದಡ ಸೇರಿ. ನೀರು ಓಡುತ್ತಿರುವಲ್ಲಿ ಎದ್ದು ನಿಲ್ಲಲು ಎಂದೂ ಯತ್ನಿಸಬಾರದು. ಪಾದ ಎರಡು ಕಲ್ಲುಗಳ ಸಂದಿಗೆ ಸಿಕ್ಕಿದರೆ ಹಿಂದಿನಿಂದ ಬರುವ ನೀರು ಮೈಯನ್ನು ಮುಂದಕ್ಕೆ ಮುಳುಗಿಸಿಬಿಡುತ್ತದೆ. ತುಂಗೆಯ ಮಡುವಿನಲ್ಲಿ ನಿಮಗಾದದ್ದು ನಿಂತ ನೀರಿನ ಆಳದ ಅನುಭವ. ಇಲ್ಲಿನ ನಿಯಮ ಬೇರೆ. ಇಲ್ಲಿ ನೀರು ನಿಮ್ಮನ್ನು ಮುಂದಕ್ಕೆ ಹೊತ್ತೊಯ್ಯುತ್ತದೆ, ಲೈಫ್ ಜಾಕೆಟ್ ಮೇಲಕ್ಕೆತ್ತಿ ಹಿಡಿಯುತ್ತದೆ, ನಿಮ್ಮ ಕೆಲಸ ದಿಕ್ಕನ್ನು ನೋಡಿಕೊಳ್ಳುವುದು ಮಾತ್ರ.

ಮಾವೊರಿ ಭಾಷೆಯಲ್ಲಿ ವೈ ಎಂದರೆ ನೀರು, ಮಕರಿರಿ ಎಂದರೆ ತಣ್ಣಗಿನದು. ಹೆಸರೇ ಎಚ್ಚರಿಕೆ ಕೊಡುತ್ತದೆ. ಫೆಬ್ರವರಿ ಅಲ್ಲಿ ಬೇಸಿಗೆಯಾದರೂ ನೀರು ಆಲ್ಪ್ಸ್‌ನ ಎತ್ತರದಿಂದ ಇಳಿದು ಬಂದದ್ದು. ಒದ್ದೆಯಾದ ಹತ್ತಿ ಬಟ್ಟೆ ಮೈಯ ಶಾಖವನ್ನೆಲ್ಲ ಹೀರಿಬಿಡುತ್ತದೆ. ಉಣ್ಣೆಯ ಅಥವಾ ಪಾಲಿಪ್ರೊಪಿಲಿನ್‌ನ ಒಳಉಡುಪು, ಮೇಲೆ ಗಾಳಿ ನೀರು ತಡೆಯುವ ಅಂಗಿ, ನೀರು ನುಗ್ಗದ ಚೀಲದಲ್ಲಿ ಇನ್ನೊಂದು ಜೊತೆ ಒಣ ಬಟ್ಟೆ, ಇಷ್ಟು ಅಭ್ಯಾಸದ ದಿನಗಳಲ್ಲೂ ಜೊತೆಗಿರಲಿ. ಮಳೆಯ ವಿಷಯದಲ್ಲಿ ಶಿವಮೊಗ್ಗದವರಿಗೆ ಹೆಚ್ಚು ಹೇಳಬೇಕಾಗಿಲ್ಲ: ಘಟ್ಟದಲ್ಲಿ ಸುರಿದ ಮಳೆಗೆ ಬಿಸಿಲಿರುವ ಬಯಲಿನಲ್ಲಿ ಹೊಳೆ ತುಂಬುವುದನ್ನು ಕಂಡು ಬೆಳೆದವರು ನೀವು. ಅಲ್ಲಿಯೂ ಹಾಗೆಯೇ, ವಾಯುವ್ಯ ಗಾಳಿ ಬೀಸಿ ಪರ್ವತದಲ್ಲಿ ಮಳೆಯಾದರೆ ಕ್ರೈಸ್ಟ್‌ಚರ್ಚ್‌ನಲ್ಲಿ ಆಕಾಶ ನಿರ್ಮಲವಾಗಿರುವಾಗಲೇ ವೈಮಕರಿರಿ ಬೂದುಬಣ್ಣಕ್ಕೆ ತಿರುಗಿ ಏರುತ್ತದೆ. ಆ ನದಿಯ ಸರಾಸರಿ ಹರಿವು ಸೆಕೆಂಡಿಗೆ 120 ಘನ ಮೀಟರ್ ಆಸುಪಾಸು. ಹೊರಡುವ ಮುನ್ನ ಆ ದಿನದ ಹರಿವಿನ ಅಳತೆಯನ್ನು ನೋಡದೆ ಎಂದಿಗೂ ನೀರಿಗಿಳಿಯಬೇಡಿ.

ನವೆಂಬರ್‌ನಿಂದ ಸ್ಪರ್ಧೆಯವರೆಗೆ, ಅದೇ 70 ಕಿ.ಮೀ. ಭಾಗವನ್ನು ಮಾರ್ಗದರ್ಶಕರೊಡನೆ ಮೂರು ಬಾರಿಯಾದರೂ ಇಳಿಯಿರಿ, ಸಾಧ್ಯವಾದರೆ ಹರಿವು ಬೇರೆ ಬೇರೆಯಾಗಿರುವ ದಿನಗಳಲ್ಲಿ. ಹೊಸಬರಿಗೆ ಇದು ಐದರಿಂದ ಏಳು ಗಂಟೆಗಳ ಕೆಲಸ; ಅಷ್ಟು ಹೊತ್ತು ಕುಳಿತ ಕಾಲುಗಳು ಜೋಮು ಹಿಡಿದು, ದಡದಲ್ಲಿ ಎದ್ದು ನಿಂತಾಗ ಮೊಣಕಾಲು ಮಡಚಿಕೊಂಡು ಬೀಳುವುದುಂಟು, ಅದೇ ಕಾಲುಗಳಿಂದ ಆಮೇಲೆ 70 ಕಿ.ಮೀ. ಸೈಕಲ್ ತುಳಿಯಬೇಕು. ಲೈಫ್ ಜಾಕೆಟ್ಟಿಗೆ ಕಟ್ಟಿದ ನಳಿಕೆಯಿಂದ ಕುಡಿಯುವುದನ್ನೂ ಎರಡು ಹುಟ್ಟಿನ ನಡುವೆ ತಿನ್ನುವುದನ್ನೂ ಅಭ್ಯಾಸ ಮಾಡಿ; ನನಗಂತೂ ತುಂಡು ತುಂಡಾಗಿ ಕತ್ತರಿಸಿದ ಕಡಲೆ ಚಿಕ್ಕಿ ಕೊನೆಯವರೆಗೆ ಕೈಹಿಡಿಯಿತು.

ಡಿಸೆಂಬರ್ ಕೊನೆಗೆ ಕಮರಿಯ ಅಲೆಗಳಲ್ಲಿ ಇನ್ನೂ ನಿಮ್ಮ ಉಸಿರು ಬಿಗಿಹಿಡಿಯುತ್ತಿದ್ದರೆ ಹಟ ಮಾಡಬೇಡಿ. ಈ ಸ್ಪರ್ಧೆಯಲ್ಲಿ ತಂಡವಾಗಿ ಭಾಗವಹಿಸಲು ಅವಕಾಶವಿದೆ. ಓಟವನ್ನೂ ಸೈಕಲನ್ನೂ ನೀವು ವಹಿಸಿಕೊಂಡು ನದಿಯನ್ನು ಜೊತೆಗಾರರಿಗೆ ಬಿಟ್ಟುಕೊಟ್ಟು, ಮರುವರ್ಷ ನೀವೇ ಇಳಿಯಬಹುದು.

ಪ್ರಶ್ನೆ: ನಾನು ಹೊನ್ನಾವರದ ಕಡೆಯವನು. ಚಿಕ್ಕಂದಿನಿಂದ ಶರಾವತಿಯ ಹಿನ್ನೀರಿನಲ್ಲಿ ಪಾತಿ ದೋಣಿ ನಡೆಸಿ ಅಭ್ಯಾಸವಿದೆ. ಈ ಅನುಭವ ಕಯಾಕ್ ಸ್ಪರ್ಧೆಗಳಿಗೆ ಉಪಯೋಗಕ್ಕೆ ಬರುತ್ತದೆಯೇ, ಅಥವಾ ಹೊಸದಾಗಿಯೇ ಕಲಿಯಬೇಕೇ?

ಉತ್ತರ: ನಿಮ್ಮ ಅನುಭವದ ಬೆಲೆ ದೊಡ್ಡದು. ಹಣ ಕೊಟ್ಟು ಶಿಬಿರ ಸೇರಿದವರು ತಿಂಗಳುಗಟ್ಟಲೆ ಹೆಣಗಿ ಗಳಿಸುವುದು ನಿಮ್ಮ ಸೊಂಟದಲ್ಲಿ ಆಗಲೇ ಇದೆ. ಪಾತಿಯಲ್ಲಿ ಬಲೆ ಎಳೆಯುವಾಗ, ದೋಣಿ ಒಂದು ಮಗ್ಗುಲಿಗೆ ವಾಲಿದರೂ ಮೈ ನೆಟ್ಟಗೇ ಉಳಿಯುತ್ತದಲ್ಲ, ಕಯಾಕ್ ನಡೆಸುವವರು ಕಲಿಯಬೇಕಾದ ಮೊದಲ ಸಮತೋಲ ಅದೇ. ಭರತ ಇಳಿತಗಳ ಹೊತ್ತು, ಅಳಿವೆಯ ಬಳಿ ಹೊಳೆಯ ನೀರಿಗೂ ಕಡಲ ಅಲೆಗೂ ನಡೆಯುವ ತಿಕ್ಕಾಟ, ಮಧ್ಯಾಹ್ನದ ಗಾಳಿ ಏಳುವ ಮುನ್ನ ದಡ ಸೇರಬೇಕೆಂಬ ಅರಿವು, ಇವೆಲ್ಲ ನಿಮಗೆ ಬಂದಿರುತ್ತವೆ.

ಹೊಸದಾಗಿ ಕಲಿಯಬೇಕಾದದ್ದು ಮೂರು. ಪಾತಿಯಲ್ಲಿ ಒಂದೇ ಅಲಗಿನ ಹುಟ್ಟು, ಕಯಾಕಿನಲ್ಲಿ ಎರಡು ತುದಿಗೂ ಅಲಗು. ಒಂದೇ ಮಗ್ಗುಲಿಗೆ ಎಳೆದು ದಿಕ್ಕು ತಿದ್ದುವ ನಿಮ್ಮ ಅಭ್ಯಾಸ ಇಲ್ಲಿ ಭುಜಕ್ಕೆ ನೋವು ತರುತ್ತದೆ. ಎರಡನೆಯದಾಗಿ, ಪಾತಿ ಮಗುಚಿದರೆ ನೀವು ತಾನಾಗಿ ಹೊರಗೆ ಬೀಳುತ್ತೀರಿ. ಕಯಾಕಿನಿಂದ ಬಿಡಿಸಿಕೊಂಡು ಬರಬೇಕು. ಈಜು ಎಷ್ಟೇ ಚೆನ್ನಾಗಿ ಬಂದರೂ ಮೇಲೆ ಹೇಳಿದ ಮೂರು ಏಟುಗಳ ಅಭ್ಯಾಸವನ್ನು ಬಿಡಬೇಡಿ. ಮೂರನೆಯದು ಬಂಡೆಗಳ ನಡುವೆ ಇಳಿಜಾರಿನಲ್ಲಿ ಓಡುವ ನೀರು. ಹಿನ್ನೀರಿನಲ್ಲಿ ತಪ್ಪು ಮಾಡಿದರೆ ತಿದ್ದಿಕೊಳ್ಳಲು ನಿಮಿಷಗಳಿರುತ್ತವೆ, ರಭಸದ ಹೊಳೆಯಲ್ಲಿ ಮುಂದಿನ ಬಂಡೆಗೆ ಮೂರು ನಾಲ್ಕು ಸೆಕೆಂಡು ಮಾತ್ರ. ಕಡಲತೀರದ ಹುಡುಗರು ಈ ಕ್ರೀಡೆಗೆ ಇನ್ನೂ ಹೆಚ್ಚು ಸಂಖ್ಯೆಯಲ್ಲಿ ಬರಬೇಕೆಂಬುದು ನನ್ನ ಬಹುದಿನಗಳ ಆಸೆ, ಆದ್ದರಿಂದ ನಿಮ್ಮ ಪತ್ರ ವಿಶೇಷ ಸಂತೋಷ ಕೊಟ್ಟಿತು.

ಪ್ರಶ್ನೆ: ಬೆಂಗಳೂರಿನಲ್ಲಿದ್ದುಕೊಂಡು ಕಯಾಕಿಂಗ್ ಕಲಿಯಲು ಸಾಧ್ಯವೇ? ವಿದೇಶಕ್ಕೆ ಹೋಗಿಯೇ ಕಲಿಯಬೇಕೇ?

ಉತ್ತರ: ಆರಂಭಕ್ಕೆ ವಿದೇಶ ಬೇಕಾಗಿಲ್ಲ. ರಾಜ್ಯ ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯು ಜಲಸಾಹಸ ಕ್ರೀಡೆಗಳ ತರಬೇತಿಯನ್ನೂ ನಡೆಸುತ್ತದೆ; ಅದರ ಪ್ರಕಟಣೆಗಳನ್ನು ಗಮನಿಸುತ್ತಿರಿ. ನಿಂತ ನೀರಿನ ಅಭ್ಯಾಸಕ್ಕೆ ಹೊನ್ನಾವರದ ಕಾಂಡ್ಲಾ ಕಾಡಿನ ಹಿನ್ನೀರು ಅನುಕೂಲವಾಗಿದೆ. ಹರಿಯುವ ನೀರಿಗಾದರೆ ದಾಂಡೇಲಿ ಬಳಿಯ ಗಣೇಶಗುಡಿಯಲ್ಲಿ ಕಾಳಿ ನದಿಯಿದೆ. ಅಲ್ಲಿನ ನೀರು ಸೂಪಾ ಅಣೆಕಟ್ಟಿನಿಂದ ಬಿಡುವ ಪ್ರಮಾಣವನ್ನು ಅವಲಂಬಿಸಿರುವುದರಿಂದ ಬೇಸಿಗೆಯಲ್ಲೂ ಹರಿವು ಸಿಗುವುದುಂಟು. ಮಳೆಗಾಲದಲ್ಲಿ ಕೇರಳದ ಕೋಯಿಕ್ಕೋಡ್ ಜಿಲ್ಲೆಯ ಕೋಡಂಚೇರಿ ಸುತ್ತಿನ ಹೊಳೆಗಳಲ್ಲಿ ನಡೆಯುವ ಮಲಬಾರ್ ರಿವರ್ ಫೆಸ್ಟಿವಲ್‌ಗೆ ದೇಶವಿದೇಶಗಳ ಕಯಾಕ್ ಪಟುಗಳು ಬರುತ್ತಾರೆ. ಒಮ್ಮೆ ದಡದಲ್ಲಿ ನಿಂತು ನೋಡಿದರೂ ನೀರು ಓದುವ ಕಣ್ಣು ತೆರೆಯುತ್ತದೆ. ಪ್ರವಾಸಿಗರಿಗಾಗಿ ಅರ್ಧ ಗಂಟೆ ದೋಣಿ ಕೊಡುವ ಕಡೆಗಳನ್ನು ಮಾತ್ರ ತರಬೇತಿಯೆಂದು ಭಾವಿಸಬೇಡಿ. ಮಗುಚಿದರೆ ಏನು ಮಾಡಬೇಕೆಂದು ನೀರಿಗಿಳಿಯುವ ಮುನ್ನ ಹೇಳಿಕೊಡದ ಯಾವ ಜಾಗದಲ್ಲೂ ಹಣ ಕಟ್ಟಬೇಡಿ.

ಪ್ರಶ್ನೆ: ನನ್ನ ಮಗಳು ನ್ಯೂಜಿಲೆಂಡ್‌ನಲ್ಲಿ ಓದುತ್ತಿದ್ದಾಳೆ. ಇಂಥದೇ ಸ್ಪರ್ಧೆಗೆ ಹೆಸರು ಕೊಟ್ಟಿರುವುದಾಗಿ ಫೋನಿನಲ್ಲಿ ತಿಳಿಸಿದಳು. ಹಾಸನದಲ್ಲಿ ಕುಳಿತ ನನಗೂ ಅವಳ ತಾಯಿಗೂ ನಿದ್ದೆಯಿಲ್ಲ. ಬೇಡವೆನ್ನಬೇಕೇ?

ಉತ್ತರ: ತಮ್ಮ ಆತಂಕ ಸಹಜವಾದದ್ದು. ಹರಿಯುವ ನೀರಿನಲ್ಲಿ ಅಪಾಯವೇ ಇಲ್ಲವೆಂದು ನಾನು ಹೇಳಲಾರೆ. ಆದರೆ ಪ್ರಮಾಣಪತ್ರವಿಲ್ಲದೆ ಯಾರನ್ನೂ ನದಿಗೆ ಇಳಿಸದ, ಹೆಲ್ಮೆಟ್, ಲೈಫ್ ಜಾಕೆಟ್, ಬೆಚ್ಚನೆಯ ಉಡುಪುಗಳನ್ನು ಕಡ್ಡಾಯ ಮಾಡಿರುವ, ನೀರು ಏರಿದರೆ ನದಿಯ ಭಾಗವನ್ನೇ ಬದಲಿಸುವ ಅಥವಾ ಕೈಬಿಡುವ ಸ್ಪರ್ಧೆಯಲ್ಲಿ, ಸಿದ್ಧತೆ ಮಾಡಿಕೊಂಡ ಒಬ್ಬರು ಎದುರಿಸುವ ಅಪಾಯಕ್ಕೂ ಗೆಳೆಯರೊಡನೆ ಅಪರಿಚಿತ ಹೊಳೆಗೆ ಈಜಲು ಇಳಿಯುವವರ ಅಪಾಯಕ್ಕೂ ಬಹಳ ಅಂತರವಿದೆ.

ಬೇಡವೆನ್ನುವ ಬದಲು ಮಗಳನ್ನು ಕೆಲವು ಮಾತು ಕೇಳಿ ನೋಡಿ. ತರಬೇತುದಾರರು ಯಾರು, ಈವರೆಗೆ ಎಷ್ಟು ಬಾರಿ ಮಗುಚಿ ಹೊರಬಂದಿದ್ದಾಳೆ, ಒಬ್ಬಳೇ ನದಿಗೆ ಹೋಗುತ್ತಾಳೆಯೇ, ಹೊರಡುವ ದಿನ ಎಷ್ಟು ಗಂಟೆಗೆ ಮರಳುವೆನೆಂದು ಯಾರಿಗೆ ಹೇಳಿಹೋಗುತ್ತಾಳೆ. ಇವಕ್ಕೆ ತಡವರಿಸದೆ ಉತ್ತರ ಬಂದರೆ ಅವಳು ಸರಿಯಾಗಿ ಕಲಿಯುತ್ತಿದ್ದಾಳೆಂದು ತಿಳಿಯಿರಿ. ಒಬ್ಬಳೇ ಅಭ್ಯಾಸಕ್ಕೆ ಹೋಗುತ್ತಿದ್ದರೆ ಅದನ್ನು ಮಾತ್ರ ಖಡಾಖಂಡಿತವಾಗಿ ಬೇಡವೆನ್ನಿ. ಕನಿಷ್ಠ ಮೂವರಿಲ್ಲದೆ ಹರಿಯುವ ನೀರಿಗೆ ಇಳಿಯಬಾರದೆಂಬುದನ್ನು ನದಿ ಬಲ್ಲವರೆಲ್ಲ ಒಪ್ಪುತ್ತಾರೆ. ಮತ್ತು ಅಭ್ಯಾಸದ ಪ್ರತಿ ದಿನವೂ ದೋಣಿಯಿಂದ ಇಳಿದು ಬಟ್ಟೆ ಬದಲಿಸಿದ ಕೂಡಲೇ ಮನೆಗೊಂದು ಸಂದೇಶ ಕಳಿಸಬೇಕೆಂದು ಒಪ್ಪಂದ ಮಾಡಿಕೊಳ್ಳಿ. ನನ್ನ ತಾಯಿಯೊಂದಿಗೆ ನಾನು ಮಾಡಿಕೊಂಡಿದ್ದೂ ಇದೇ ಒಪ್ಪಂದ. ಅಲ್ಲಿನ ಸಂಜೆ ಐದಕ್ಕೆ ನಾನು ಕಳಿಸಿದ ಸಂದೇಶ ಇಲ್ಲಿ ಅವರ ಬೆಳಗಿನ ಕಾಫಿಯ ಹೊತ್ತು ಮುಗಿಯುವ ಮುನ್ನ ತಲುಪುತ್ತಿತ್ತು.